ಅರಬ್ಬೀ ಭಾಷೆಯ ವೇಳಾವಾಚಕಗಳು

ಅರಬ್ಬೀ ಭಾಷೆಯಲ್ಲಿ ಗಂಟೆಗೂ ಗಡಿಯಾರಕ್ಕೂ ‘ಸಾಅ’ ಎಂಬ ಒಂದೇ ಶಬ್ದವು ಸಲ್ಲುತ್ತದೆ. ಖುರ್‌ಆನಿನಲ್ಲಿ ಅದು ಪ್ರಳಯಕಾಲಕ್ಕೂ ವಾಚಕವಾಗಿದೆ. ಘಂಟಾವಾದ್ಯದ ಹೆಸರನ್ನೇ ಕಾಲಪರಿಮಾಣಕ್ಕೆ ಇಟ್ಟುಕೊಂಡಿರುವ ನಮಗೆ ಈ ಅನೇಕಾರ್ಥತೆಯು ವಿಸ್ಮಯವನ್ನುಂಟುಮಾಡಬೇಕಾದುದಿಲ್ಲ.

ಕನ್ನಡಿಗನು ಎಡವುವ ಸ್ಥಳವು ಬೇರೆ. ನಾವು ‘ಐದು ಗಂಟೆ’ ಎಂದಾಗ ಅದು ಅವಧಿಯೋ, ಗಡಿಯಾರವು ತೋರಿಸುವ ವೇಳೆಯೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು. ಅರಬ್ಬಿಯಲ್ಲಿ ರಚನೆಯೇ ಬೇರೆ. ಅವಧಿಗೆ ಸಂಖ್ಯಾವಾಚಕವು: ‘ಖಮ್ಸು ಸಾಆತ್’, ಐದು ಗಂಟೆಗಳು. ವೇಳೆಗೆ ಪೂರಣವಾಚಕವು: ‘ಅಸ್ಸಾಅತುಲ್ ಖಾಮಿಸ’, ಐದನೆಯ ಗಂಟೆ. ‘ಸಾಅ’ ಸ್ತ್ರೀಲಿಂಗವಾದುದರಿಂದ, ಪಂಚಮೀ ತಿಥಿಯೆಂಬಲ್ಲಿಯಂತೆ, ಪೂರಣವೂ ಸ್ತ್ರೀಲಿಂಗವನ್ನು ಹೊಂದುತ್ತದೆ. ಒಂದು ಗಂಟೆಗೆ ಮಾತ್ರ ಅಪವಾದವುಂಟು. ಅಲ್ಲಿ ಮೊದಲನೆಯದೆಂಬರ್ಥದ ‘ಊಲಾ’ ರೂಢವಲ್ಲ, ‘ವಾಹಿದ’ ಎಂಬ ಸಂಖ್ಯಾಶಬ್ದವೇ ಪ್ರಯುಕ್ತವಾಗುವುದು. ಇದು ಗ್ರಾಂಥಿಕಭಾಷೆಯ ನಿಯಮ. ಈಜಿಪ್ಟಿನ ಆಡುಮಾತಿಗೆ ಎಲ್ಲೆಡೆಯೂ ಸಂಖ್ಯೆಯೇ ಸಾಕು.

ನಿಮಿಷವು ‘ದಕೀಕ’, ಎಂದರೆ ಸೂಕ್ಷ್ಮವಾದುದು. ಸೆಕೆಂಡು ‘ಥಾನಿಯ’, ಎಂದರೆ ಎರಡನೆಯದು. ಗಂಟೆಯ ಭಾಗಗಳಲ್ಲಿ ಅರ್ಧ, ಕಾಲುಗಳಲ್ಲದೆ ಮೂರನೆಯ ಒಂದು ಭಾಗವೂ ಬಳಕೆಯಲ್ಲಿದೆ. ಅದಕ್ಕೆ ‘ಥುಲ್ಥ್’ ಎಂದು ಹೆಸರು, 20 ನಿಮಿಷ. ನಮಗೆ ಐದೂ ಮುಕ್ಕಾಲೆನಿಸಿದುದು ಅವರಿಗೆ ‘ಅಸ್ಸಾದಿಸ ಇಲ್ಲಾ ರುಬ್‌ಅನ್’, ಕಾಲು ಹೊರತಾದ ಆರನೆಯದು. ‘ಇಲ್ಲಾ’ ಎಂಬುದು ವರ್ಜನಾರ್ಥಕವಾದ ಅವ್ಯಯ. ಕನ್ನಡದ ‘ಇಲ್ಲ’ದೊಡನೆ ಅದಕ್ಕೆ ಸಂಬಂಧವೇನೂ ಇಲ್ಲದಿದ್ದರೂ ವಿದ್ಯಾರ್ಥಿಯ ನೆನಪಿಗೆ ಆ ಧ್ವನಿಸಾಮ್ಯವು ಉಪಕರಿಸೀತು. ಕನ್ನಡವು ಕಳೆದ ಗಂಟೆಗೆ ಕೂಡಿಸುತ್ತದೆ; ಅರಬ್ಬಿಯು ಬರುವ ಗಂಟೆಯಿಂದ ಕಳೆಯುತ್ತದೆ. ಏಕೋನವಿಂಶತಿಯನ್ನು ಬಲ್ಲ ಸಂಸ್ಕೃತಜ್ಞರಿಗೆ ಈ ಕ್ರಮವು ಹೊಸದಲ್ಲ. ಹಿಂದಿಯ ‘ಪೌನೇ’ ಎಂಬುದೂ ಪಾದೋನದಿಂದ ಬಂದುದೇ. ಆದರೆ 5 ಗಂಟೆ 25 ನಿಮಿಷಕ್ಕೆ ‘ಐದನೆಯದೂ ಅರ್ಧವೂ, ಐದು ನಿಮಿಷ ಹೊರತು’ ಎಂಬ ಪ್ರಯೋಗವನ್ನು ಕಂಡು ನಾನಂತೂ ಬೆರಗಾದೆನು.

ಭಾಷಾಂತರಕಾರನಿಗೆ ಹೆಚ್ಚಿನ ಅಪಾಯವಿರುವುದು ದಿನಾರಂಭದ ವಿಷಯದಲ್ಲಿ. ನಮ್ಮ ಪಂಚಾಂಗದ ವಾರವು ಸೂರ್ಯೋದಯದಿಂದ ಮೊದಲಾಗುತ್ತದೆ. ಹಿಜರೀ ದಿನವು ಸೂರ್ಯಾಸ್ತದಿಂದ. ಅಲ್ಲಿ ರಾತ್ರಿಯು ಹಗಲಿಗಿಂತ ಮುಂಚಿನದು. ‘ಲೈಲತುಲ್ ಜುಮುಅ’ ಎಂಬುದನ್ನು ಪದಶಃ ‘ಶುಕ್ರವಾರದ ರಾತ್ರಿ’ ಎಂದು ಅನುವಾದಿಸಿದರೆ ಒಂದು ದಿನವೇ ತಪ್ಪುವುದು. ಅದು ನಮ್ಮ ಗುರುವಾರದ ರಾತ್ರಿ. ಅಸ್ತಮಾನಕ್ಕೆ 12 ಗಂಟೆಯೆಂದು ಗಡಿಯಾರವನ್ನು ತಿದ್ದಿಕೊಳ್ಳುವ ಪದ್ಧತಿಯೂ ಅರಬ್ ದೇಶಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೆ ಇದ್ದಿತು; ಆ ಲೆಕ್ಕದಲ್ಲಿ ರಾತ್ರಿಯ ‘ಐದನೆಯ ಗಂಟೆ’ ಎಂದರೆ ನಮಗೆ ಸುಮಾರು 11. ವಿಜಾಪುರದ ಶಾಸನಗಳ ಹಿಜರೀ ತೇದಿಗಳನ್ನು ಶಕವರ್ಷದ ತಿಥಿವಾರಗಳೊಡನೆ ಹೊಂದಿಸತಕ್ಕವರು, ಘಟನೆಯು ಹಗಲಿನದೋ ರಾತ್ರಿಯದೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು.