ವೇಗದ ಸೇರು

ಹಿಂದೆ ನಮ್ಮ ನಾಡಿನಲ್ಲಿ ಸೇರಿನ ಹೆಸರು ಒಂದೇ ಆದರೂ ಊರಿಂದೂರಿಗೆ ಅದರ ಅಳತೆ ಬೇರೆಯಾಗಿತ್ತು. ಮನೆಮನೆಗೆ ಬಂದಿರುವ ಬ್ರಾಡ್‌ಬ್ಯಾಂಡಿನ ವೇಗವೂ ಹಾಗೆಯೇ. ಆ ಹೆಸರಿಗೆ ಅರ್ಹವಾಗಲು ಸೆಕೆಂಡಿಗೆ 256 ಕಿಲೋಬಿಟ್ ಸಾಕೆಂದು ಭಾರತ ಸರಕಾರವು 2004ರಲ್ಲಿ ಹೇಳಿತು; 2023ರಲ್ಲಿ 2 ಮೆಗಾಬಿಟ್ ಬೇಕೆಂದಿತು.

2020ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ತಿಂಗಳಿಗೆ 399 ರೂಪಾಯಿಗೆ 30 ಮೆಗಾಬಿಟ್ಟನ್ನೂ, ಏರ್‌ಟೆಲ್ ಸಂಸ್ಥೆಯು 499 ರೂಪಾಯಿಗೆ 40 ಮೆಗಾಬಿಟ್ಟನ್ನೂ ಸಾರಿದವು; ತೆರಿಗೆ ಬೇರೆ. ನೂರು ರೂಪಾಯಿ ಹೆಚ್ಚು ತೆತ್ತವರಿಗೆ ದೊರೆಯುವುದೇನು? ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆದುದರಿಂದ 600 ಮೆಗಾಬೈಟಿನ ಚಲನಚಿತ್ರವೊಂದು ಮೊದಲನೆಯದರಲ್ಲಿ 160 ಸೆಕೆಂಡಿನಲ್ಲಿಯೂ, ಎರಡನೆಯದರಲ್ಲಿ 120 ಸೆಕೆಂಡಿನಲ್ಲಿಯೂ ಇಳಿದೀತು. ಲಾಭವು ನಲವತ್ತು ಸೆಕೆಂಡು ಮಾತ್ರ!

ಅದೂ ಸಾರಿದ ವೇಗವು ಪೂರ್ತಿಯಾಗಿ ದೊರೆತರೆ. ಜಾಹೀರಾತಿನಲ್ಲಿ ಅಂಕಿಯ ಬೆನ್ನಿಗೆ ಅಂಟಿಕೊಂಡಿರುವ ‘ವರೆಗೆ’ ಎಂಬ ಪುಟ್ಟ ಅವ್ಯಯವನ್ನು ಓದುಗರು ಕಡೆಗಣಿಸಲಾಗದು. ಅದು ಮೇಲಿನ ಎಲ್ಲೆಯನ್ನು ಹೇಳುತ್ತದೆ, ಕೆಳಗಿನ ಎಲ್ಲೆಯನ್ನು ಹೇಳುವುದಿಲ್ಲ. ಸಂಜೆ ನೆರೆಹೊರೆಯವರೆಲ್ಲ ಒಂದೇ ಮಾರ್ಗವನ್ನು ಹಂಚಿಕೊಂಡಾಗ ವೇಗ ತಗ್ಗಬಹುದು. ಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ.

ಆದುದರಿಂದ ಹೋಲಿಸಲು ಹೊರಟವರು ಕಂಪ್ಯೂಟರನ್ನು ರೂಟರಿಗೆ ತಂತಿಯಿಂದಲೇ ಜೋಡಿಸಿ, ಬೆಳಗ್ಗೆಯೂ ರಾತ್ರಿಯೂ ಅಳೆಯಬೇಕು. ನೆರೆಯ ಮನೆಯಲ್ಲಿಯೂ ಅದೇ ಕ್ರಮದಲ್ಲಿ ಅಳೆಯಬೇಕು. ಒಂದೆಡೆ ತಂತಿ, ಇನ್ನೊಂದೆಡೆ ವೈಫೈ ಎಂದಾದರೆ ಅದು ಎರಡು ಊರಿನ ಸೇರುಗಳ ಹೋಲಿಕೆಯೇ ಸರಿ.

ಮಕ್ಕಳ ಪಾಠವೂ ಈ ತಂತಿಯಲ್ಲಿ ಬರುವ ಕಾಲವಿದು. ಮಿತವರಮಾನದ ಮನೆಗೆ ತಿಂಗಳಿಗೆ ನೂರು ರೂಪಾಯಿ ಸಣ್ಣದಲ್ಲ. ಅಳೆದು ನೋಡಿಯೇ ತೆರುವುದು ಲೇಸು.