ರಕ್ತಕ್ಕೆ ಇಳಿಯದ ಅರಿಶಿನ

ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಹಳದಿ ಹೋಗಿ ಕೆಂಪು ಓಕುಳಿಯಾಗುತ್ತದೆ. ಬಿಳಿ ಅಂಗಿಗೆ ಬಿದ್ದ ಸಾರಿನ ಕಲೆಗೆ ಸೋಪು ತಾಗಿದಾಗಲೂ ಹೀಗೇ. ಕೆಂಪಾದ ಆ ಕಲೆಯನ್ನು ಬಿಸಿಲಿಗೆ ಹಾಕಿ ನೋಡಿ, ಮಾಸುತ್ತಾ ಹೋಗುತ್ತದೆ. ಒಂದು ಕಡೆ ನಿಲ್ಲದ ಈ ಬಣ್ಣವೇ ಕರ್ಕ್ಯುಮಿನ್. ವೋಗೆಲ್ ಮತ್ತು ಪೆಲ್ಲೆಟಿಯರ್ 1815ರಲ್ಲಿ ಇದನ್ನು ಅರಿಶಿನದಿಂದ ಬೇರ್ಪಡಿಸಿದರು. ಪುಡಿಯಲ್ಲಿ ಇದು ಇರುವುದು ಸುಮಾರು ಶೇ 3ರಷ್ಟು ಮಾತ್ರ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಮಹಾಶೂರ. ತ್ರಿಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದ ರಾಮದಾಸನ್ ಕುಟ್ಟನ್ ಮತ್ತು ಸಂಗಡಿಗರು ಅರಿಶಿನದ ಕ್ಯಾನ್ಸರ್ ನಿರೋಧಕ ಗುಣದ ಬಗ್ಗೆ 1985ರಲ್ಲೇ ಬರೆದಿದ್ದರು. ಆಮೇಲೆ ಇಂಥ ಪ್ರಬಂಧಗಳು ಸಾವಿರಗಟ್ಟಲೆ ಬಂದವು. ಆದರೆ ಕೈಗೆ ಅಂಟಿದಂತೆಯೇ ಅದು ಸಿಕ್ಕಸಿಕ್ಕ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ, ತಾನೇ ಹೊಳೆದು ಪರೀಕ್ಷೆಯ ಅಳತೆಯನ್ನೂ ಕೆಡಿಸುತ್ತದೆ. ತಟ್ಟೆಯಲ್ಲಿ ಕಂಡ ಗೆಲುವೆಲ್ಲ ನಿಜವಾದ ಗೆಲುವಲ್ಲ ಎಂದು ಔಷಧ ರಸಾಯನ ತಜ್ಞರು 2017ರಲ್ಲಿ ಎಚ್ಚರಿಸಿದ್ದು ಇದಕ್ಕೇ.

ದೇಹದೊಳಗಂತೂ ಓಕುಳಿಯ ಕಥೆಯೇ. ದೇಹದ ಬಿಸುಪಿರುವ, ತುಸುವೇ ಕ್ಷಾರೀಯವಾದ ದ್ರಾವಣದಲ್ಲಿ ಅರ್ಧ ಗಂಟೆಯೊಳಗೆ ಕರ್ಕ್ಯುಮಿನ್ನಿನ ಶೇ 90ರಷ್ಟು ಒಡೆದುಹೋಗುತ್ತದೆ. ಕರುಳು ಹೀರಿಕೊಳ್ಳುವುದೇ ಕಡಿಮೆ. ಹೀರಿದ ಅಷ್ಟಿಷ್ಟನ್ನೂ ಯಕೃತ್ತು ಬದಲಿಸಿ ಹೊರಗಟ್ಟುತ್ತದೆ.

ಇದಕ್ಕೊಂದು ದಾರಿ ಹುಡುಕಿದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ದೇಹಕ್ಕೆ ದಕ್ಕಿದ ಪ್ರಮಾಣ ಶೇ 2000ರಷ್ಟು ಏರಿತು. 1998ರ ಈ ಅಂಕಿ ಇಂದಿಗೂ ಕ್ಯಾಪ್ಸೂಲ್ ಮಾರುವವರ ಅಚ್ಚುಮೆಚ್ಚಿನದು. ಇಲ್ಲವೆನ್ನುವಷ್ಟು ಇದ್ದುದನ್ನು ಇಪ್ಪತ್ತು ಪಟ್ಟು ಮಾಡಿದರೂ ಕೈಗೆ ಬರುವುದು ಅಲ್ಪವೇ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ರೋಗಿಗಳ ಮೇಲೇನಾಯಿತು? ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರವು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 25 ಜನರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನೀಡಿತು. ಅಡುಗೆಮನೆಯ ಲೆಕ್ಕದಲ್ಲಿ ಅದು ದಿನಕ್ಕೆ ಕಾಲು ಕಿಲೋಗೂ ಮೀರಿದ ಅರಿಶಿನ ಪುಡಿ! 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇಬ್ಬರಲ್ಲಿ ಮಾತ್ರ ಪರಿಣಾಮ ಕಂಡಿತು. ಒಬ್ಬರ ರೋಗ 18 ತಿಂಗಳಿಗೂ ಹೆಚ್ಚು ಕಾಲ ಉಲ್ಬಣಿಸದೆ ನಿಂತಿತ್ತು. ಇನ್ನೊಬ್ಬರ ಗೆಡ್ಡೆ ಬಹಳಷ್ಟು ಕುಗ್ಗಿತು, ಆದರೆ ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ.

ಮೆಣಸಿನ ಉಪಾಯಕ್ಕೂ ಬೆಲೆಯಿದೆ. ಕರ್ಕ್ಯುಮಿನ್ನನ್ನು ಹೊರಗಟ್ಟುವ ಯಕೃತ್ತಿನ ಕೆಲಸಕ್ಕೆ ಪೈಪರಿನ್ ಅಡ್ಡಗಾಲು ಹಾಕಿದರೆ, ಅದೇ ಯಕೃತ್ತು ನಿಭಾಯಿಸುವ ಬೇರೆ ಔಷಧಗಳ ಲೆಕ್ಕವೂ ತಪ್ಪಬಹುದು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸ್ತನ ಕ್ಯಾನ್ಸರಿಗೆ ಟ್ಯಾಮೊಕ್ಸಿಫೆನ್ ನುಂಗುತ್ತಿದ್ದ ಮಹಿಳೆಯರಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದಾಗ, ರಕ್ತದಲ್ಲಿ ಆ ಔಷಧದ ಸಕ್ರಿಯ ರೂಪವೇ ಇಳಿಯಿತು. ಪೈಪರಿನ್ ಸೇರಿಸಿದಾಗ ಇನ್ನಷ್ಟು ಇಳಿಯಿತು.