ಜೈಲಿನ ಒಳಗೆ ಏನು ನಡೆಯುತ್ತದೆಂದು ಕೇಳುವವರು ಯಾರು?

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತಶಾಸ್ತ್ರ. ಆದರೆ ದೇವರಗುಡ್ಡದ ಕಡೆಯ ಪ್ರೌಢಶಾಲೆಯೊಂದರಲ್ಲಿ ಪಾಠಾಭ್ಯಾಸ ಮಾಡುತ್ತಿದ್ದಾಗ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದರು. 9ನೇ ತರಗತಿಯ ‘ರಾಜ್ಯ ಸರ್ಕಾರ’ ಪಾಠ ನನ್ನ ಪಾಲಿಗೆ ಬಂತು. ಕಾಯ್ದೆ ಮಾಡುವುದು ಶಾಸಕಾಂಗ, ಜಾರಿಗೆ ತರುವುದು ಕಾರ್ಯಾಂಗ ಎಂದು ಹಲಗೆಯ ಮೇಲೆ ಬರೆದು ತಿರುಗಿದೆ. ಮೂರನೇ ಸಾಲಿನ ಹುಡುಗಿ ಎದ್ದು ನಿಂತಿದ್ದಳು.

“ಸರ್, ಜೈಲಿನ ಒಳಗ ಏನ್ ನಡದೈತಿ ಅಂತ ಯಾರ್ ನೋಡ್ತಾರ್ರಿ?”

ಮಕ್ಕಳ ತಲೆಯಲ್ಲಿದ್ದದ್ದು 2024ರ ಆಗಸ್ಟ್‌ನಲ್ಲಿ ಮೊಬೈಲ್‌ಗಳಲ್ಲಿ ಹರಿದಾಡಿದ ಫೋಟೊ: ಪರಪ್ಪನ ಅಗ್ರಹಾರದ ಜೈಲಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ನಟ ದರ್ಶನ್. ಆ ಪ್ರಕರಣ ನ್ಯಾಯಾಲಯದಲ್ಲಿದೆ, ಅದರ ಮಾತು ಬೇಡ ಎಂದೆ. ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಉತ್ತರಿಸಿದೆ: “ನಮ್ಮ ಎಂಪಿ ಲೋಕಸಭೆಯಲ್ಲಿ ಕೇಳುತ್ತಾರೆ.” ಹಿಂದಿನ ಬೆಂಚಿನಲ್ಲಿ ಕೂತು ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕರು ಏನೋ ಗುರುತು ಹಾಕಿಕೊಂಡರು. ಗಂಟೆ ಬಾರಿಸಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಏಳನೇ ಅನುಸೂಚಿ ತೆಗೆದು ನೋಡ್ರಿ.”

ನೋಡಿದೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 4ನೇ ನಮೂದು ಕಾರಾಗೃಹಗಳದ್ದು. ಜೈಲು ನಡೆಸುವುದು ರಾಜ್ಯದ ಕೆಲಸ. ಸಂಸತ್ತಿನಲ್ಲಿ ಜೈಲಿನ ಬಗ್ಗೆ ಕೇಳಿದರೆ ಗೃಹ ಸಚಿವಾಲಯದ ಉತ್ತರ ಬಹಳ ಸಲ ಇದೇ ನಮೂದಿನಿಂದ ಶುರುವಾಗುತ್ತದೆ. ಹಾವೇರಿಯ ಜಿಲ್ಲಾ ಕಾರಾಗೃಹದ ಅನ್ನ, ನೀರು, ವೈದ್ಯರ ಬಗ್ಗೆ ಉತ್ತರ ಹೇಳಬೇಕಾದವರು ಬೆಂಗಳೂರಿನ ವಿಧಾನಸೌಧದಲ್ಲಿರುವ ಗೃಹ ಸಚಿವರು; ಕೇಳಬೇಕಾದವರು ನಮ್ಮ ಶಾಸಕರು.

ಹಾಗಾದರೆ ನನ್ನ ಉತ್ತರ ಪೂರ್ತಿ ತಪ್ಪೇ? ಅರ್ಧ ತಪ್ಪು. ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಜೈಲುಗಳ ಸ್ಥಿತಿಗತಿ ಮತ್ತು ಸುಧಾರಣೆಯ ಕುರಿತೇ ತನ್ನ 245ನೇ ವರದಿ ಕೊಟ್ಟಿದೆ. ಜಾಮೀನಿನ ಹಣ ಹೊಂದಿಸಲಾಗದ ಬಡ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತ ಕೈದಿಗೆ 25,000 ರೂಪಾಯಿವರೆಗೆ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಲ್ಲಿ ಬಂತು. ಕೇಂದ್ರದ ಹಣ ಎಲ್ಲಿ ಹೋಗುತ್ತದೋ ಅಲ್ಲಿಗೆ ಸಂಸದರ ಪ್ರಶ್ನೆಯೂ ಹೋಗಬಹುದು.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ಪಾಠ ಮುಂದುವರಿಸಿದೆ. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಎಂಬ ಭೇದ ಹೇಳುವುದು ಕಷ್ಟವಾದೀತು ಅಂದುಕೊಂಡಿದ್ದೆ. ಊರಿನ ಕಾರಣಿಕ ನೆರವಿಗೆ ಬಂತು. ದಸರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದ ಕೂಡಲೇ ಇಡೀ ಗುಡ್ಡ ಮೌನವಾಗುತ್ತದೆ. ಆಮೇಲೆ ಆ ಒಂದು ನುಡಿ ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಎಂದು ಕಟ್ಟೆಕಟ್ಟೆಗಳಲ್ಲಿ ಅರ್ಥ ಬಿಡಿಸುತ್ತೇವೆ. ಗೊರವಯ್ಯನನ್ನು “ಹಂಗಂದ್ರೇನು?” ಎಂದು ತಿರುಗಿ ಕೇಳುವಂತಿಲ್ಲ. ಸಚಿವರನ್ನು ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ ಬರುತ್ತದೆ, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಹುಡುಗರಿಗೆ ಇದು ಒಂದೇ ಸಲಕ್ಕೆ ಹತ್ತಿತು. ನ್ಯಾಯಾಲಯದ ಮುಂದಿರುವ ಪ್ರಕರಣದ ವಿಚಾರವನ್ನು ಸದನದಲ್ಲೂ ಕೆದಕುವಂತಿಲ್ಲ ಎಂಬುದನ್ನೂ ಸೇರಿಸಿದೆ. ಒಬ್ಬ ಕೈದಿ ತಪ್ಪಿತಸ್ಥನೋ ಅಲ್ಲವೋ ಎಂದು ಶಾಸಕರು ಕೇಳಲಾರರು, ಅವನು ಮಲಗುವ ಕೋಣೆಯಲ್ಲಿ ಎಷ್ಟು ಜನ ಇದ್ದಾರೆಂದು ಕೇಳಬಲ್ಲರು. ಖರ್ಚಿನ ಲೆಕ್ಕವನ್ನು ಮಹಾಲೇಖಪಾಲರು ನೋಡುತ್ತಾರೆ. ಆ ವರದಿ ಸದನಕ್ಕೆ ಬಂದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಹೋಗುತ್ತದೆ. ಅದರ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಕೊಡುವುದು ರೂಢಿ.

ಆಗ ಕಿಟಕಿಯ ಪಕ್ಕದ ಹುಡುಗನೊಬ್ಬ ಕೇಳಿದ: “ತಪ್ಪು ಮಾಡಿದವ್ರು ಒಳಗ ಇರ್ತಾರ. ಅವ್ರದ್ದು ನಾವ್ಯಾಕ ಕೇಳ್ಬೇಕ್ರಿ?”

ಇದಕ್ಕೆ ಉಪದೇಶ ಕೊಡುವ ಬದಲು ಲೆಕ್ಕ ಕೊಟ್ಟೆ, ಗಣಿತದವನಲ್ಲವೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿಅಂಶದಂತೆ ದೇಶದ ಜೈಲುಗಳ ಸಾಮರ್ಥ್ಯ 4,36,266. ಒಳಗಿದ್ದವರು 5,73,220. ಅವರಲ್ಲಿ ವಿಚಾರಣಾಧೀನರು 4,34,302. ಶೇಕಡಾವಾರು ಹಾಕಿ ಎಂದೆ. ಮೊದಲನೆಯದು 131.4 ಬಂತು, ನೂರು ಜನರ ಜಾಗದಲ್ಲಿ ನೂರಾ ಮೂವತ್ತೊಂದು ಜನ. ಎರಡನೆಯದು 75.8. ಅಂದರೆ ನಾಲ್ವರಲ್ಲಿ ಮೂವರ ಮೇಲೆ ತೀರ್ಪೇ ಆಗಿಲ್ಲ. “ತಪ್ಪು ಮಾಡಿದವರು” ಎಂಬ ಮಾತನ್ನು ಆ ಹುಡುಗ ತಾನೇ ಹಿಂದಕ್ಕೆ ತೆಗೆದುಕೊಂಡ. ಇನ್ನೊಬ್ಬ ಲೆಕ್ಕ ಮುಗಿಸಿಯೂ ತಲೆ ಎತ್ತಲಿಲ್ಲ. ಊಟದ ಹೊತ್ತಿಗೆ ಒಬ್ಬನೇ ಬಂದು, “ನಮ್ಮ ಕಾಕಾ ಎರಡು ವರ್ಷದಿಂದ ಒಳಗದಾನ್ರಿ. ತೀರ್ಪು ಇನ್ನೂ ಆಗಿಲ್ರಿ” ಎಂದ. ಆ ಮಾತಿಗೆ ನನ್ನ ಪಾಠಯೋಜನೆಯಲ್ಲಿ ಉತ್ತರ ಇರಲಿಲ್ಲ.

ಪ್ರಶ್ನೆ ಕೇಳುವ ಬಾಗಿಲು ಮುಚ್ಚಿದ ಕಾಲವನ್ನು ಕರ್ನಾಟಕ ನೋಡಿದೆ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧನಕ್ಕೊಳಗಾದರು. ಜುಲೈ 21ರಂದು ಸೇರಿದ ಸಂಸತ್ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಮರುವರ್ಷ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಕೇಂದ್ರ ಕಾರಾಗೃಹಕ್ಕೆ ಹಾಕಿದರು. ಅವರಿಗೆ ತೀವ್ರ ಅಸ್ತಮಾ ಇತ್ತು. ಎಂಟು ತಿಂಗಳ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ಆ ಜೈಲೇ ಇಂದಿನ ಫ್ರೀಡಂ ಪಾರ್ಕ್. ಶೈಕ್ಷಣಿಕ ಪ್ರವಾಸಕ್ಕೆ ಬೆಂಗಳೂರಿಗೆ ಹೋಗುವ ಶಾಲೆಗಳು ಅರ್ಧ ಗಂಟೆ ಅಲ್ಲಿಗೂ ಇಟ್ಟುಕೊಳ್ಳಬಹುದು.

ಈಗ ಪ್ರಶ್ನೆ ಇದೆ, ಸಮಿತಿ ಇದೆ. ಆದರೂ ಒಳಗಿನ ಸಂಗತಿ ಹೊರಬರಲು ಎಷ್ಟು ಕಷ್ಟ ಎಂಬುದಕ್ಕೆ ನಮ್ಮದೇ ರಾಜ್ಯದ ಉದಾಹರಣೆ 2017ರದ್ದು. ಆಗ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ, ಪರಪ್ಪನ ಅಗ್ರಹಾರದಲ್ಲಿ ವಿ.ಕೆ. ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆ ಎಂದು ಜುಲೈನಲ್ಲಿ ವರದಿ ಬರೆದರು. ಎರಡು ಕೋಟಿ ಲಂಚದ ಮಾತೂ ಅದರಲ್ಲಿತ್ತು. ಇಲಾಖೆಯ ಮುಖ್ಯಸ್ಥರು ಅದನ್ನು ಅಲ್ಲಗಳೆದರು. ಕೆಲವೇ ದಿನಗಳಲ್ಲಿ ಇಬ್ಬರನ್ನೂ ಬೇರೆಡೆಗೆ ವರ್ಗ ಮಾಡಲಾಯಿತು. ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರಿಂದ ಸರ್ಕಾರ ತನಿಖೆ ಮಾಡಿಸಿತು. ಅದೇ ವರ್ಷ ವರದಿ ಸರ್ಕಾರದ ಕೈಸೇರಿತು. ಜನರ ಕೈಗೆ ಬಂದದ್ದು 2019ರ ಜನವರಿಯಲ್ಲಿ, ಅದೂ ಒಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ ಮೇಲೆ. ವಿಶೇಷ ಸವಲತ್ತು ಸಿಕ್ಕಿದ್ದು ನಿಜವೆಂದು ಅದರಲ್ಲಿತ್ತು. ತನಿಖೆಯಾಯಿತು ಎಂದರೆ ತಿಳಿಯಿತು ಎಂದರ್ಥವಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ 8(1)ನೇ ಕಲಂ ಕೊಡಬೇಕಾಗಿಲ್ಲದ ಮಾಹಿತಿಯನ್ನು ಪಟ್ಟಿ ಮಾಡುತ್ತದೆ. ಯಾರದಾದರೂ ಜೀವಕ್ಕೆ ಅಪಾಯ ತರುವಂಥದ್ದು, ತನಿಖೆಗೆ ಅಡ್ಡಿಯಾಗುವಂಥದ್ದು ಅದರಲ್ಲಿವೆ. ಹಾಗಾಗಿ ಕಾವಲುಗಾರರ ಪಾಳಿ ಕೇಳಿದರೆ ಸಿಗುವುದಿಲ್ಲ, ಸಿಗಲೂಬಾರದು. ಪಟ್ಟಿಯ ಕೊನೆಯಲ್ಲಿ ಮೂಲತಃ ಒಂದು ಮಾತಿತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ಶಾಸಕರ ಪ್ರಶ್ನೆಯನ್ನೂ ದೇವರಗುಡ್ಡದ ರೈತನ ಅರ್ಜಿಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಸಾಲು ಅದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ವೈಯಕ್ತಿಕ ಮಾಹಿತಿಯ ಆ ಖಂಡವನ್ನೇ ಬದಲಿಸಿದೆ. ಹೊಸ ಖಂಡದಲ್ಲಿ ಈ ಸಾಲಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂಬ 8(2) ಉಳಿದಿದೆ. ನನ್ನ ಮಟ್ಟಿಗೆ ಆ ಸಾಲು ಹೋದದ್ದು ಸಣ್ಣ ನಷ್ಟವಲ್ಲ.

ಕೊನೆಯ ದಿನದ ಚಟುವಟಿಕೆಗೆ ನಿಜವಾದ ಅರ್ಜಿಯನ್ನೇ ಬರೆಯೋಣ ಎಂದೆ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ. ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ. ಏನು ಕೇಳುವುದು? ಹುಡುಗರು ಮೊದಲು ಕೇಳಿದ್ದು ಟಿವಿ ಇದೆಯೇ ಎಂದು. ನಾನು ಕಾಕಾನ ಹುಡುಗನ ಹೆಸರೆತ್ತದೆ ಒಂದು ಹೊಸ ಕಲಂ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ರ ಪ್ರಕಾರ, ಹಿಂದೆ ಎಂದೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ ತನ್ನ ಮೇಲಿನ ಆರೋಪದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ, ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಬರೆಯಬೇಕಾದವರು ಜೈಲಿನ ಅಧೀಕ್ಷಕರೇ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಇದು ಅನ್ವಯಿಸದು.

ಆಗ ಪ್ರಶ್ನೆ ತಾನಾಗಿಯೇ ಬಂತು: ಜಿಲ್ಲಾ ಕಾರಾಗೃಹದಲ್ಲಿ ಈ ಅವಧಿ ಮುಗಿಸಿದವರು ಎಷ್ಟು ಜನ? ಅವರಲ್ಲಿ ಎಷ್ಟು ಜನರ ಪರವಾಗಿ ಅಧೀಕ್ಷಕರು ನ್ಯಾಯಾಲಯಕ್ಕೆ ಬರೆದಿದ್ದಾರೆ? ಯಾರ ಹೆಸರೂ ಬೇಡ, ಸಂಖ್ಯೆ ಸಾಕು. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಯೇ ಪದ ಎಣಿಸಿದಳು. ಇನ್ನೂ ಬಹಳ ಜಾಗ ಉಳಿದಿತ್ತು. ಊಟದ್ದೂ ಕೇಳೋಣ ಎಂದಳು. ವಿಷಯ ಒಂದೇ ಇರಬೇಕು ಎಂದು ನೆನಪಿಸಿದೆ. ಅದಕ್ಕೆ ಇನ್ನೊಂದು ಅರ್ಜಿ ಬರೆದರಾಯಿತು ಎಂದು ಕಾಕಾನ ಹುಡುಗನೇ ಹೇಳಿದ.

ಅರ್ಜಿದಾರನ ಜಾಗದಲ್ಲಿ ನನ್ನ ಹೆಸರು, ಕಾಲೇಜು ಹಾಸ್ಟೆಲಿನ ವಿಳಾಸ ಹಾಕಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ರಾಣೆಬೆನ್ನೂರಿನಲ್ಲಿ ರಿಜಿಸ್ಟರ್ ಅಂಚೆ ಮಾಡಿದೆ. ರಸೀದಿ ಪಾಠಯೋಜನೆಯ ಪುಸ್ತಕದಲ್ಲಿದೆ. ಮೂವತ್ತನೇ ದಿನ ಬರುವ ಹೊತ್ತಿಗೆ ನಾನು ಆ ಶಾಲೆಯಲ್ಲಿರುವುದಿಲ್ಲ. ಹೊರಡುವಾಗ ಮಕ್ಕಳು ಕೇಳಿದ್ದು ಒಂದೇ: “ಉತ್ತರ ಬಂದ್ರ ತಂದ್ ತೋರಸ್ತೀರಿಲ್ರಿ ಸರ್?” ತಂದು ತೋರಿಸುತ್ತೇನೆ ಎಂದಿದ್ದೇನೆ.